ಕಾಡಿಗೆ ಕೈ ಹಾಕುವ ಮುನ್ನ

ಇಬ್ಬನಿ ಇನ್ನೂ ಬೀಳುತ್ತಿರುವಾಗಲೇ ಬಂಡೀಪುರದ ಅರಣ್ಯ ಸಿಬ್ಬಂದಿ ಕಾಡಿಗೆ ತಾವೇ ಬೆಂಕಿ ಇಡಲು ಶುರು ಮಾಡುತ್ತಾರೆ. ರಸ್ತೆಯ ಎರಡೂ ಬದಿ, ಊರಿನ ಎಲ್ಲೆಗುಂಟ, ಒಂದು ವಲಯಕ್ಕೂ ಇನ್ನೊಂದಕ್ಕೂ ನಡುವೆ ಪಟ್ಟಿ ಪಟ್ಟಿಯಾಗಿ ಹುಲ್ಲು, ಪೊದೆ ಸವರುತ್ತಾರೆ. ಸವರಿದ್ದು ಒಣಗಿದ ಮೇಲೆ ಗಾಳಿ ಇಲ್ಲದ ಹೊತ್ತು ನೋಡಿ ಸುಡುತ್ತಾರೆ. ಹಸಿ ಸೊಪ್ಪಿನ ಕೊಂಬೆ ಹಿಡಿದ ವಾಚರ್‌ಗಳು ಅಂಚಿನಲ್ಲಿ ನಿಂತು, ಕಿಡಿ ಒಳಕ್ಕೆ ಹಾರದಂತೆ ಬಡಿದು ಆರಿಸುತ್ತಾರೆ. ಇದು ಬೆಂಕಿ ರೇಖೆ. ಸಿಬ್ಬಂದಿಯ ಬಾಯಲ್ಲಿ ಫೈರ್‌ಲೈನ್. ಫೆಬ್ರವರಿ, ಮಾರ್ಚಿನಲ್ಲಿ ಎಲ್ಲಿಂದಲೋ ಬೆಂಕಿ ಬಂದರೆ ಈ ಬೋಳು ಪಟ್ಟಿಯಲ್ಲಿ ಅದಕ್ಕೆ ಸುಡಲು ಏನೂ ಸಿಗದೆ ಅಲ್ಲಿಗೇ ನಿಲ್ಲಬೇಕು ಎಂಬುದು ಲೆಕ್ಕ. ಕೆಲಸ ತಡವಾದರೆ ಹುಲ್ಲು ಪೂರ್ತಿ ಒಣಗಿ, ರೇಖೆಗೆಂದು ಹಚ್ಚಿದ ಬೆಂಕಿಯೇ ಕಾಡಿಗೆ ನುಗ್ಗೀತು. ಬೇಗ ಹಚ್ಚಿದರೆ ಹಸಿ ಹುಲ್ಲು ಹೊತ್ತಿಕೊಳ್ಳುವುದೇ ಇಲ್ಲ. ಈ ಎರಡರ ನಡುವೆ ಸಿಗುವ ಕೆಲವೇ ವಾರಗಳಲ್ಲಿ, ಸುಮಾರು ಸಾವಿರ ಚದರ ಕಿಲೋಮೀಟರ್ ಹರಡಿರುವ ಕಾಡಿನ ರೇಖೆಗಳನ್ನೆಲ್ಲ ಮುಗಿಸಬೇಕು.

ಕಾಡು ಕಾಯುವ ಅಧಿಕಾರಿ ಎಂದೊಡನೆ ನಮಗೆ ನೆನಪಾಗುವುದು ಜೀಪು, ಬಂದೂಕು, ಹುಲಿ. ಕಳ್ಳರನ್ನು ಹೊರಗಿಟ್ಟರೆ ಸಾಕು, ಮಿಕ್ಕದ್ದನ್ನು ಪ್ರಕೃತಿ ನೋಡಿಕೊಳ್ಳುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಸುತ್ತಲೂ ಹೊಲ, ನಡುವೆ ಹೆದ್ದಾರಿ, ಪಕ್ಕದಲ್ಲಿ ಅಣೆಕಟ್ಟು ಇರುವ, ತಲೆಮಾರುಗಳಿಂದ ಮರ ಕೊಟ್ಟು ಬಂದಿರುವ, ಹೊರನಾಡಿನ ಗಿಡಗಳು ತುಂಬಿಕೊಂಡಿರುವ ನಮ್ಮ ಕಾಡುಗಳಿಗೆ ಆ ನಂಬಿಕೆ ಹೊಂದುವುದಿಲ್ಲ. ಇಲ್ಲಿ ಅಧಿಕಾರಿ ಮಾಡಿದ ಕೆಲಸವೂ ಕಾಡಿನಲ್ಲಿ ಗುರುತು ಬಿಡುತ್ತದೆ, ಮಾಡದೆ ಬಿಟ್ಟದ್ದೂ ಬಿಡುತ್ತದೆ. ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಮುಟ್ಟಬಾರದು, ಹಾಕಿದ ಕೈಯಿಂದ ಆದದ್ದೇನು ಎಂದು ತಿಳಿಯುವುದು ಹೇಗೆ? ಈ ವೃತ್ತಿಯ ವಿಜ್ಞಾನವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಬೆಂಕಿಯಿಂದಲೇ ಮುಂದುವರಿಯೋಣ. ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತದೆ ಎಂಬ ಮಾತನ್ನು ನಾವೆಲ್ಲ ಶಾಲೆಯಿಂದಲೂ ಕೇಳಿದ್ದೇವೆ. ಆದರೆ ನಮ್ಮ ಎಲೆಯುದುರುವ ಕಾಡುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಬೆಂಕಿಯೂ ಮನುಷ್ಯ ಹಚ್ಚಿದ್ದೇ. ಕೆಲವೊಮ್ಮೆ ದನಕ್ಕೆ ಹೊಸ ಹುಲ್ಲು ಚಿಗುರಲೆಂದು, ಕೆಲವೊಮ್ಮೆ ಬೀಡಿ ತುಂಡಿನಿಂದ, ಕೆಲವೊಮ್ಮೆ ಇಲಾಖೆಯ ಮೇಲಿನ ಸಿಟ್ಟಿನಿಂದ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಜ್ವಾಲೆಗೆ ಸಿಕ್ಕು ಸತ್ತರು. ಎರಡೇ ವರ್ಷದ ಬಳಿಕ, 2019ರ ಫೆಬ್ರವರಿಯಲ್ಲಿ, ಗೋಪಾಲಸ್ವಾಮಿ ಬೆಟ್ಟದ ಕಡೆ ಹೊತ್ತಿದ ಬೆಂಕಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡನ್ನು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಹೊತ್ತು ತಂದು ಸುರಿಯಬೇಕಾಯಿತು. ಈಗ ಉಪಗ್ರಹಗಳು ಕಾಡಿನ ಮೇಲೆ ಹಾದುಹೋಗುವಾಗ ಬಿಸಿ ಜಾಗಗಳನ್ನು ಗುರುತಿಸುತ್ತವೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಆ ಸುದ್ದಿಯನ್ನು ಆಯಾ ಕಡೆಯ ಸಿಬ್ಬಂದಿಯ ಮೊಬೈಲಿಗೆ ಕಳಿಸುತ್ತದೆ. ಸುದ್ದಿ ಬಂದ ಮೇಲೆ ಬೆಟ್ಟ ಹತ್ತಿ ಸೊಪ್ಪಿನಿಂದ ಬಡಿಯುವವರು ಮಾತ್ರ ಅದೇ ವಾಚರ್‌ಗಳು, ಅದೇ ಗಸ್ತಿನವರು.

ಇಷ್ಟು ಕೇಳಿದವರಿಗೆ ಬೆಂಕಿ ಎಂದರೆ ಕಾಡಿನ ಶತ್ರು, ಅದನ್ನು ಇಲ್ಲವಾಗಿಸುವುದೇ ಅಧಿಕಾರಿಯ ಕೆಲಸ ಎನ್ನಿಸಬಹುದು. ಬಂಡೀಪುರದಿಂದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಕತೆ ಬೇರೆಯೇ ಆಗುತ್ತದೆ.

ಬಿಳಿಗಿರಿಯ ಸೋಲಿಗರು ತಲೆಮಾರುಗಳಿಂದ ಕಾಡಿನ ನೆಲಕ್ಕೆ ಬೆಂಕಿ ಇಡುತ್ತಿದ್ದರು. ಅವರು ಅದನ್ನು ತರಗು ಬೆಂಕಿ ಎನ್ನುತ್ತಾರೆ. ಹಚ್ಚುತ್ತಿದ್ದದ್ದು ವರ್ಷದ ಆರಂಭದಲ್ಲಿ, ನೆಲದಲ್ಲಿ ತೇವ ಇನ್ನೂ ಉಳಿದಿರುವಾಗ. ಉದುರಿದ ತರಗೆಲೆ, ಒಣಹುಲ್ಲು ಮಾತ್ರ ತಣ್ಣಗೆ ಸುಟ್ಟು, ಜ್ವಾಲೆ ಮರದ ನೆತ್ತಿಗೆ ಏರದೆ ಹಾದುಹೋಗುತ್ತಿತ್ತು. 1974ರಲ್ಲಿ ಆ ಬೆಟ್ಟಗಳು ಅಭಯಾರಣ್ಯವಾದವು. ಪೋಡುಗಳು ಎಂಬ ಸೋಲಿಗರ ಪುಟ್ಟ ಊರುಗಳು ಒಂದೆಡೆ ನೆಲೆಗೊಂಡವು, ತರಗು ಬೆಂಕಿ ಅಪರಾಧವಾಯಿತು. ಕಾಡನ್ನು ಉಳಿಸಬೇಕೆಂಬ ಪ್ರಾಮಾಣಿಕ ಉದ್ದೇಶದಿಂದಲೇ ಈ ನಿಷೇಧ ಬಂತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆಮೇಲೆ ಲಂಟಾನ ಏರಿತು. ಅಮೆರಿಕ ಖಂಡದ ಉಷ್ಣ ಪ್ರದೇಶಗಳ ಈ ಗಿಡ 19ನೇ ಶತಮಾನದ ಮೊದಲಲ್ಲಿ ಹೂತೋಟದ ಅಲಂಕಾರಕ್ಕೆಂದು ಭಾರತಕ್ಕೆ ಬಂದದ್ದು. ಅದರ ಹಣ್ಣು ಪಿಕಳಾರಗಳಿಗೆ ಇಷ್ಟ. ತಿಂದ ಹಕ್ಕಿ ಹೋದಲ್ಲೆಲ್ಲ ಬೀಜ ಬಿತ್ತುತ್ತದೆ. ಎಲೆಯಲ್ಲಿ ದನದ ಯಕೃತ್ತನ್ನು ಕೆಡಿಸುವ ವಿಷವಿರುವುದರಿಂದ ಮೇಯುವ ಪ್ರಾಣಿಗಳು ಅದನ್ನು ಬಿಟ್ಟು ಅಕ್ಕಪಕ್ಕದ ಹುಲ್ಲನ್ನೇ ತಿನ್ನುತ್ತವೆ. ಹೀಗಾಗಿ ಮೇಯುವ ಬಾಯಿಗಳೂ ಲಂಟಾನಕ್ಕೆ ದಾರಿ ಮಾಡಿಕೊಡುತ್ತವೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿಯ 540 ಚದರ ಕಿ.ಮೀ. ಕಾಡಿನಲ್ಲಿ ಗುರುತು ಮಾಡಿಟ್ಟ ತುಂಡುಗಳನ್ನು 1997ರಲ್ಲೊಮ್ಮೆ, 2008ರಲ್ಲೊಮ್ಮೆ ಪರೀಕ್ಷಿಸಿದರು. ಮೊದಲ ಸಲ ಸುಮಾರು ನೂರಕ್ಕೆ 40 ತುಂಡುಗಳಲ್ಲಿ ಇದ್ದ ಲಂಟಾನ ಎರಡನೆಯ ಸಲ 81ರಲ್ಲಿ ಸಿಕ್ಕಿತು. ಹನ್ನೊಂದೇ ವರ್ಷದಲ್ಲಿ ದುಪ್ಪಟ್ಟು.

ಹಿರಿಯ ಸೋಲಿಗರು ಇದಕ್ಕೆ ಕೊಡುವ ಕಾರಣ ಸ್ಪಷ್ಟವಾಗಿದೆ. ವರ್ಷಾರಂಭದ ತಣ್ಣನೆ ಬೆಂಕಿ ಲಂಟಾನದ ಬೀಜವನ್ನೂ ಸಸಿಯನ್ನೂ ಸುಟ್ಟು ಅದು ಹಬ್ಬದಂತೆ ತಡೆಯುತ್ತಿತ್ತು. ಬೆಂಕಿ ನಿಂತದ್ದೇ ಅದಕ್ಕೆ ದಾರಿಯಾಯಿತು. ಅವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ನೆಲ್ಲಿ ಮರಗಳ ಮೇಲೆ ಬಂದಳಿಕೆ ವಿಪರೀತ ಬೆಳೆದು ಮರಗಳು ಸಾಯುತ್ತಿರುವುದೂ ಬೆಂಕಿ ನಿಂತ ಮೇಲೆಯೇ. ಸಂಶೋಧಕರು ಈ ಮಾತನ್ನು ಜನಪದವೆಂದು ಬದಿಗಿಡದೆ ಪರೀಕ್ಷಿಸಬೇಕಾದ ವೈಜ್ಞಾನಿಕ ಊಹೆಯಾಗಿ ಎತ್ತಿಕೊಂಡರು. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಾಡಿನ ಅರ್ಧ ಶತಮಾನದಷ್ಟು ಹಿಂದಿನ ನೆನಪಿಟ್ಟುಕೊಂಡವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಹಾಗಾದರೆ ನಾಳೆಯೇ ತರಗು ಬೆಂಕಿ ಹಚ್ಚಿದರಾಯಿತೇ? ಆಗದು. ಲಂಟಾನ ಆಳೆತ್ತರಕ್ಕೆ ಬೆಳೆದು ಮರಗಳನ್ನು ತಬ್ಬಿ ಏರಿದ ಕಾಡಿನಲ್ಲಿ ಬೆಂಕಿಯ ಸ್ವಭಾವವೇ ಬದಲಾಗಿದೆ. ಒಣಗಿದ ಆ ಪೊದೆ ಜ್ವಾಲೆಯನ್ನು ನೆಲದಿಂದ ಕೊಂಬೆಗೆ, ಕೊಂಬೆಯಿಂದ ನೆತ್ತಿಗೆ ಏಣಿಯಂತೆ ಹತ್ತಿಸುತ್ತದೆ. ಮರ ಬೇಯುತ್ತದೆ, ಬುಡದಿಂದ ಮತ್ತೆ ಚಿಗುರುವ ಲಂಟಾನ ಬದುಕುತ್ತದೆ. ತಣ್ಣನೆ ಬೆಂಕಿಗೆ ಬೇಕಾದ ಹುಲ್ಲುನೆಲವೇ ಈಗ ಇಲ್ಲ. ಹಳೆಯ ಪದ್ಧತಿಯನ್ನು ಮರಳಿ ತರುವ ಮುಂಚೆ ಲಂಟಾನವನ್ನು ಕೈಯಿಂದ ತೆಗೆಯಬೇಕು, ಹುಲ್ಲು ಮರಳಬೇಕು, ಆಮೇಲೆ ಎಲ್ಲಿ, ಎಷ್ಟು ವರ್ಷಕ್ಕೊಮ್ಮೆ, ಯಾವ ತಿಂಗಳಲ್ಲಿ ಸುಡುವುದೆಂದು ಸಣ್ಣ ತುಂಡುಗಳಲ್ಲಿ ನೋಡಬೇಕು. ಪ್ರತಿ ವರ್ಷವೂ ಸುಟ್ಟರೆ ಮರದ ಸಸಿಗಳು ಮೇಲೇಳುವುದಿಲ್ಲ ಎಂಬುದೂ ಅಷ್ಟೇ ನಿಜ. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಮೀಸಲು ಪ್ರದೇಶವಾಯಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಅಲ್ಲಿನ ಅಧಿಕಾರಿ ಮತ್ತು ಪೋಡಿನ ಹಿರಿಯರು ಒಟ್ಟಿಗೆ ಕೂತು ಇಂಥ ಪ್ರಯೋಗ ಮಾಡಲು ಕಾನೂನಿನ ನೆಲೆಯೂ ಇದೆ.

ಲಂಟಾನ ತೆಗೆಯುವುದೂ ಕಡಿದು ಎಸೆದಷ್ಟು ಸಲೀಸಲ್ಲ. ಮೇಲೆ ಕಡಿದರೆ ಬುಡದಿಂದ ಹತ್ತು ಚಿಗುರು ಬರುತ್ತವೆ. ಬುಲ್ಡೋಜರ್ ಹತ್ತಿಸಿದರೆ ಮಣ್ಣು ಕದಡಿ ಇನ್ನಷ್ಟು ಬೀಜ ಮೊಳೆಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತವರ ತಂಡ ರೂಪಿಸಿದ ವಿಧಾನ ಸರಳ: ಮಣ್ಣಿನ ಮಟ್ಟದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ನಿಲ್ಲಿಸುವುದು. ಚಿಗುರುವ ಶಕ್ತಿ ಇರುವುದು ಕಾಂಡ ಬೇರಾಗುವ ಆ ಸಂಧಿಯಲ್ಲಿ. ಅದು ಮಣ್ಣಿನಿಂದ ಮೇಲೆ ಬಂದರೆ ಗಿಡ ಸಾಯುತ್ತದೆ. ಆದರೆ ಮಣ್ಣಿನಲ್ಲಿ ಉಳಿದ ಬೀಜಗಳು ಮುಂದಿನ ಮಳೆಗೆ ಮೊಳೆಯುತ್ತವೆ, ಅದರ ಮುಂದಿನ ಮಳೆಗೂ. ಒಂದು ವರ್ಷ ತೆಗೆದು, ಬಿಲ್ಲು ಮಾಡಿ, ಫೋಟೋ ಹಿಡಿದು ಬಿಟ್ಟರೆ ಹಣವೂ ಹೋಯಿತು, ಶ್ರಮವೂ ಹೋಯಿತು. ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗಿ ಸಸಿ ಕೀಳಬೇಕು, ಸ್ಥಳೀಯ ಹುಲ್ಲಿನ ಬೀಜ ಹಾಕಬೇಕು. ಬಯಲಾದ ಜಾಗಕ್ಕೆ ಇನ್ನೊಂದು ಹೊರಗಿನ ಗಿಡ ಬರದಂತೆ ನೋಡಬೇಕು: ಅಂದಕ್ಕೆಂದು ನೆಟ್ಟ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ವಯನಾಡಿನಲ್ಲಿ ಕಾಡು ತುಂಬಿ, ಈಗ ಬಂಡೀಪುರ, ನಾಗರಹೊಳೆಗಳಲ್ಲೂ ಬೇರುಬಿಟ್ಟಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಲಂಟಾನ ತೆಗೆದ ಜಾಗದ ಪಕ್ಕದಲ್ಲೇ ಒಂದಷ್ಟು ತುಂಡುಗಳನ್ನು ಮುಟ್ಟದೆ ಬಿಡಬೇಕು. ಎರಡೂ ಕಡೆ ಹುಲ್ಲೆಷ್ಟು, ಸಸಿಯೆಷ್ಟು, ಜಿಂಕೆಯ ಹಿಕ್ಕೆಯೆಷ್ಟು ಎಂದು ವರ್ಷ ವರ್ಷ ಅಳೆಯದಿದ್ದರೆ ನಾವು ಮಾಡಿದ ಕೆಲಸದಿಂದ ಒಳಿತಾಯಿತೋ ಒಳ್ಳೆಯ ಮಳೆಯಿಂದ ಒಳಿತಾಯಿತೋ ಹೇಳುವವರು ಯಾರು?

ಮಾಡದೆ ಬಿಡುವುದರ ಕಷ್ಟ ಅತಿ ಹೆಚ್ಚು ಕಾಣುವುದು ನೀರಿನ ವಿಷಯದಲ್ಲಿ. ಬೇಸಗೆಯಲ್ಲಿ ಕೆರೆ ಬತ್ತಿದ ಚಿತ್ರ, ಬಾಯಾರಿದ ಆನೆಯ ಚಿತ್ರ ಪತ್ರಿಕೆಯಲ್ಲಿ ಬಂದರೆ ಅಧಿಕಾರಿಯ ಮೇಲೆ ನಾಲ್ಕೂ ಕಡೆಯಿಂದ ಒತ್ತಡ ಬೀಳುತ್ತದೆ. ಟ್ಯಾಂಕರ್ ಕಳಿಸಿ, ಕೊಳವೆಬಾವಿ ಕೊರೆಸಿ ಎಂದು ಒಳ್ಳೆಯ ಮನಸ್ಸಿನ ಜನರೇ ಕೇಳುತ್ತಾರೆ. ಬಂಡೀಪುರದಲ್ಲಿ ಸೌರ ಪಂಪುಗಳಿಂದ ಕೆರೆಗಳಿಗೆ ನೀರು ತುಂಬಿಸುವುದು ವರ್ಷಗಳಿಂದ ನಡೆದಿದೆ. ಮಳೆ ಕೈಕೊಟ್ಟ ವರ್ಷ, ಆನೆಗಳು ಊರಿಗೆ ನುಗ್ಗುವ ಅಂಚಿನಲ್ಲಿ ಅದಕ್ಕೆ ಸಕಾರಣವೂ ಇರಬಹುದು. ಎಲ್ಲ ಕಡೆ, ಎಲ್ಲ ವರ್ಷ ಅದನ್ನೇ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಅನುಭವವಿದೆ. ಬರದಿಂದ ಪ್ರಾಣಿಗಳನ್ನು ಉಳಿಸಲೆಂದು ಅಲ್ಲಿ ದಶಕಗಳ ಕಾಲ 300ಕ್ಕೂ ಹೆಚ್ಚು ಕೊಳವೆಬಾವಿ ಕೊರೆಸಿದರು. ಒಣಭೂಮಿಯಾದ ಉತ್ತರ ಭಾಗಕ್ಕೂ ನೀರು ಬಂತು. ನೀರಿನ ಹಿಂದೆ ಜೀಬ್ರಾಗಳು ಬಂದವು, ಅವುಗಳ ಹಿಂದೆ ಸಿಂಹಗಳು. ಎತ್ತರದ ಹುಲ್ಲಿನಲ್ಲಿ ಮರಿ ಅಡಗಿಸಿಟ್ಟು, ವಿರಳವಾಗಿ ಬದುಕುತ್ತಿದ್ದ ರೋನ್ ಎಂಬ ಅಪರೂಪದ ಹುಲ್ಲೆಗೆ ಇದು ಮುಳುವಾಯಿತು. 1986ರಲ್ಲಿ ಸುಮಾರು 450 ಇದ್ದವು. 1993ರ ಹೊತ್ತಿಗೆ ಸುಮಾರು 45 ಉಳಿದವು. ಆಮೇಲೆ ಕ್ರೂಗರಿನವರು ನೂರಾರು ಕೊಳವೆಬಾವಿಗಳನ್ನು ತಾವೇ ಮುಚ್ಚಿದರು.

ನಮ್ಮ ಕಾಡುಗಳಿಗೂ ಈ ಪಾಠ ಹೊರಗಿನದೇನಲ್ಲ. ನೀರು ಎಲ್ಲೆಡೆ ಸಿಕ್ಕಿದರೆ ಬೇಸಗೆಯಲ್ಲಿ ಆನೆ, ಕಾಟಿಗಳು ದೂರ ಹೋಗುವುದಿಲ್ಲ. ಹೋಗದಿದ್ದರೆ ವಿಶ್ರಾಂತಿ ಪಡೆಯಬೇಕಾದ ಹುಲ್ಲು, ಬಿದಿರು, ಮರದ ತೊಗಟೆ ವರ್ಷವಿಡೀ ಬಾಯಿಗೆ ಸಿಗುತ್ತವೆ. ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುವ ಆನೆ ಒಂದೆಡೆ ನಿಂತರೆ ಆ ಕಾಡಿನ ಗತಿ ಬೇರೆ ಹೇಳಬೇಕಿಲ್ಲ. 1974ರಲ್ಲಿ ಕಟ್ಟಿದ ಕಬಿನಿ ಅಣೆಕಟ್ಟು ಒಳ್ಳೆಯ ಕಾಡನ್ನೇ ಮುಳುಗಿಸಿತು. ಈಗ ಪ್ರತಿ ಬೇಸಗೆ ಹಿನ್ನೀರು ಇಳಿದ ನೆಲದಲ್ಲಿ ಹಸಿ ಹುಲ್ಲು ಚಿಗುರಿ, ಬಂಡೀಪುರ, ನಾಗರಹೊಳೆ, ವಯನಾಡಿನ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಸೇರುತ್ತವೆ. ನೀರು ಪ್ರಾಣಿಗಳ ಇಡೀ ವರ್ಷದ ಓಡಾಟವನ್ನು ಹೇಗೆ ತಿರುಗಿಸುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಮೇಯಿಸುವುದನ್ನು ತಡೆಯುವ ವಿಷಯದಲ್ಲಿ ರಾಜಸ್ಥಾನದ ಭರತ್‌ಪುರದ ಕತೆ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಕೇವಲ 29 ಚದರ ಕಿ.ಮೀ.ಯ ಆ ಪಕ್ಷಿಧಾಮದಲ್ಲಿ ಎಮ್ಮೆ ಮೇಯಿಸುವುದನ್ನು 1982ರಲ್ಲಿ ನಿಷೇಧಿಸಿದರು. ಊರವರು ಪ್ರತಿಭಟಿಸಿದರು, ಪೊಲೀಸರ ಗುಂಡಿಗೆ ಜನ ಸತ್ತರು. ಎಮ್ಮೆ ಹೋದ ಮೇಲೆ ನೀರಿನಲ್ಲಿ ಒಂದು ಜಾತಿಯ ಹುಲ್ಲು ದಟ್ಟವಾಗಿ ಬೆಳೆದು, ಬಾತುಗಳಿಗೆ ಈಜಲು, ಮೀನು ಹಿಡಿಯುವ ಹಕ್ಕಿಗಳಿಗೆ ಇಳಿಯಲು ತೆರೆದ ನೀರೇ ಇಲ್ಲವಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿ.ಎಸ್. ವಿಜಯನ್ ನೇತೃತ್ವದ ದೀರ್ಘ ಅಧ್ಯಯನ ಕೊನೆಗೆ ಹೇಳಿದ್ದು, ಆ ಜೌಗಿಗೆ ಎಮ್ಮೆಯ ಬಾಯಿ ಬೇಕು ಎಂದು. ನಿಷೇಧಿಸುವ ಮುನ್ನವೇ ಅಳೆದು ನೋಡಿದ್ದರೆ ಆ ಜೀವಗಳು ಉಳಿಯುತ್ತಿದ್ದವೇನೋ.

ಇದರಿಂದ ದನ ಮೇಯಿಸುವುದು ಎಲ್ಲೆಡೆ ಒಳ್ಳೆಯದೆಂದು ಯಾರೂ ತಿಳಿಯಬಾರದು. ನಾಗರಹೊಳೆಯ ಹಡ್ಲುಗಳನ್ನು ನೋಡಿ. ತಗ್ಗಿನಲ್ಲಿ ನೀರು ನಿಂತು ಹುಲ್ಲು ಬೆಳೆಯುವ ಆ ಬಯಲುಗಳೇ ಅಲ್ಲಿನ ಜಿಂಕೆ, ಕಾಟಿಗಳ ಊಟದ ತಾಣ. ಕೊಡಗಿನ ಕೆ.ಎಂ. ಚಿಣ್ಣಪ್ಪ ವಲಯ ಅರಣ್ಯಾಧಿಕಾರಿಯಾಗಿ ವರ್ಷಗಟ್ಟಲೆ ಅಲ್ಲಿ ಮಾಡಿದ್ದು ಹೆಚ್ಚಾಗಿ ಒಂದೇ ಕೆಲಸ: ಬೇಟೆ, ಮರಗಳ್ಳತನ, ದನಗಳ ಒತ್ತಡವನ್ನು ಬಿಗಿಯಾಗಿ ತಡೆಯುವುದು. ಜೀವ ಬೆದರಿಕೆ, ಮೊಕದ್ದಮೆ ಎಲ್ಲವನ್ನೂ ಉಂಡು 2024ರಲ್ಲಿ ತೀರಿಕೊಂಡ ಆ ಮನುಷ್ಯನಿಗೆ ಕನ್ನಡ ನಾಡು ಋಣಿ. ಅಂಥ ಕಾವಲಿನ ಫಲವನ್ನು ಅಳೆದು ತೋರಿಸಿದವರು ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತ. ಮುಂಜಾನೆ ನೇರ ಗೆರೆಯಲ್ಲಿ ನಡೆಯುತ್ತ, ಕಂಡ ಪ್ರತಿ ಗುಂಪಿನ ದೂರವನ್ನೂ ಕೋನವನ್ನೂ ಬರೆದುಕೊಳ್ಳುವುದು. ದೂರ ಹೆಚ್ಚಿದಂತೆ ಕಾಣುವ ಪ್ರಾಣಿ ಎಷ್ಟು ಕಡಿಮೆಯಾಗುತ್ತದೆ ಎಂಬುದರಿಂದ ಕಾಣದೆ ಉಳಿದವನ್ನು ಲೆಕ್ಕ ಹಾಕುವುದು. ಹಾಗೆ ಅಳೆದಾಗ ನಾಗರಹೊಳೆಯಲ್ಲಿ ಚದರ ಕಿಲೋಮೀಟರಿಗೆ 50ಕ್ಕೂ ಹೆಚ್ಚು ಗೊರಸಿನ ಪ್ರಾಣಿಗಳಿದ್ದವು. ಒಂದು ಹುಲಿ ವರ್ಷಕ್ಕೆ ಸುಮಾರು 50 ಬೇಟೆ ಆಡುತ್ತದೆ. ಬಲಿಪ್ರಾಣಿಗಳಲ್ಲಿ ಹತ್ತರಲ್ಲೊಂದು ಪಾಲಷ್ಟೇ ಹುಲಿಗೆ ಹೋಗುವಂತಿದ್ದರೆ ಒಂದು ಹುಲಿ ನೆಮ್ಮದಿಯಾಗಿ ಬದುಕಲು 500 ಪ್ರಾಣಿಗಳು ಬೇಕು. ಹುಲಿ ಬೇಕೆಂದವರು ಜಿಂಕೆ, ಕಡವೆಗಳನ್ನು ಮೊದಲು ಕಾಯಬೇಕು.

ಹುಲಿಯನ್ನೇ ಎಣಿಸುವ ಕ್ರಮವನ್ನೂ ಕಾರಂತರು ನಾಗರಹೊಳೆಯಲ್ಲಿಯೇ ಬದಲಿಸಿದರು. ಹಿಂದೆ ಹೆಜ್ಜೆಗುರುತಿನ ಅಚ್ಚು ತೆಗೆದು ಹುಲಿ ಲೆಕ್ಕ ಹಾಕುತ್ತಿದ್ದರು. ಮಣ್ಣು ಬದಲಾದರೆ ಅದೇ ಹುಲಿಯ ಹೆಜ್ಜೆ ಬೇರೆಯಾಗಿ ಕಾಣುತ್ತದೆ. ಆ ಲೆಕ್ಕದ ಪ್ರಕಾರ 2004ರಲ್ಲಿ ರಾಜಸ್ಥಾನದ ಸಾರಿಸ್ಕಾದಲ್ಲಿ 16 ಹುಲಿ ಇದ್ದವು. ಮರುವರ್ಷ ಹುಡುಕಿದರೆ ಒಂದೂ ಇರಲಿಲ್ಲ. ಪಟ್ಟೆಗಳಾದರೋ ಪ್ರತಿ ಹುಲಿಗೂ ಬೇರೆ ಬೇರೆ. ದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟಿದರೆ ಹುಲಿ ತನ್ನ ಚಿತ್ರವನ್ನು ತಾನೇ ತೆಗೆಸಿಕೊಂಡು ಹೋಗುತ್ತದೆ. ಉದಾಹರಣೆಗೆ, ಮೊದಲ ಸುತ್ತಿನಲ್ಲಿ 30 ಹುಲಿಗಳು ಸಿಕ್ಕವು ಎನ್ನೋಣ. ಎರಡನೆಯ ಸುತ್ತಿನಲ್ಲಿ ಸಿಕ್ಕ 30ರಲ್ಲಿ 20 ಮಾತ್ರ ಹಳೆಯ ಮುಖಗಳು. ಎಂದರೆ ನಮ್ಮ ಕ್ಯಾಮೆರಾ ಒಂದು ಸುತ್ತಿಗೆ ಮೂರರಲ್ಲಿ ಎರಡು ಪಾಲು ಹುಲಿಗಳನ್ನಷ್ಟೇ ಹಿಡಿಯುತ್ತಿದೆ. ಒಟ್ಟು ಸುಮಾರು 45 ಇರಬೇಕು. ಇಂದಿನ ಗಣಿತ ಇದಕ್ಕಿಂತ ಬಹಳ ಸೂಕ್ಷ್ಮವಾಗಿದ್ದರೂ ತಿರುಳು ಇದೇ. 2022ರ ಎಣಿಕೆಯಲ್ಲಿ ಕರ್ನಾಟಕಕ್ಕೆ 563 ಹುಲಿಗಳ ಅಂದಾಜು ಬಂದದ್ದು ಕ್ಯಾಮೆರಾಗಳ ಇಂಥ ಲೆಕ್ಕದ ಆಧಾರದ ಮೇಲೆ.

ಕಾಡಿನ ಅಂಚಿಗೆ ಬಂದರೆ ವಿಜ್ಞಾನದ ಜೊತೆ ನ್ಯಾಯವೂ ಸೇರಿಕೊಳ್ಳುತ್ತದೆ. 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿದ್ದವು; ಬಂಡೀಪುರ ಒಂದರಲ್ಲೇ 1,116. ರಾಗಿ ತೆನೆ ಬಲಿಯುವ ಹೊತ್ತಿಗೆ ಅವುಗಳಲ್ಲಿ ಕೆಲವಕ್ಕೆ ಹೊಲದ ದಾರಿ ಗೊತ್ತು. ಆನೆ ಕಂದಕ ತೋಡಿದರೆ ಮಳೆಗೆ ದಂಡೆ ಕುಸಿಯುತ್ತದೆ. ಸೌರ ಬೇಲಿಯ ಮೇಲೆ ಆನೆ ಮರ ಉರುಳಿಸಿ ದಾಟುತ್ತದೆ. ರೈಲು ಕಂಬಿಯ ತಡೆಗೋಡೆ ಗಟ್ಟಿ, ಆದರೆ ದುಬಾರಿ. ಯಾವುದೇ ಇರಲಿ, ದಿನಾ ನೋಡಿಕೊಳ್ಳುವವರಿಲ್ಲದೆ ಒಂದು ಮಳೆಗಾಲವೂ ಬಾಳದು. ಬೆಳೆ ಹಾನಿಯ ಪರಿಹಾರ ಆ ಫಸಲಿನೊಳಗೇ ರೈತರ ಕೈ ಸೇರುವುದು ಯಾವ ಬೇಲಿಗೂ ಕಡಿಮೆಯಲ್ಲದ ಸಂರಕ್ಷಣೆಯ ಕೆಲಸವೆಂದು ನನ್ನ ದೃಢವಾದ ಅಭಿಪ್ರಾಯ. ಹೆದ್ದಾರಿಯ ವಿಷಯದಲ್ಲಿ ಉತ್ತರ ಸುಲಭವಾಗಿತ್ತು: ಬಂಡೀಪುರದ ಮೂಲಕ ಹೋಗುವ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಬೇಕೆಂಬ 2009ರ ಆದೇಶ ಪ್ರಾಣಿಗಳಿಗೆ ಒಂಬತ್ತು ಗಂಟೆಯ ಕತ್ತಲನ್ನು ಮರಳಿ ಕೊಟ್ಟಿತು. ಒಂದು ಪೈಸೆಯ ಕಾಮಗಾರಿಯೂ ಬೇಕಾಗಲಿಲ್ಲ.

ಈ ಎಲ್ಲದಕ್ಕೂ ಕಾಲ ಬೇಕು. ಲಂಟಾನಕ್ಕೆ ಹತ್ತು ವರ್ಷ, ಹುಲ್ಲುಗಾವಲಿಗೆ ಅಷ್ಟೇ, ಬಿದಿರಿಗೆ ಒಂದು ಜೀವಮಾನ. ಅಧಿಕಾರಿ ಎರಡು ಮೂರು ವರ್ಷದಲ್ಲಿ ವರ್ಗವಾಗುತ್ತಾರೆ. ಅವರ ನಂತರ ಬಂದವರಿಗೆ ಯಾವ ತುಂಡಿನಲ್ಲಿ ಏನು ಮಾಡಲಾಗಿತ್ತು, ಯಾವುದನ್ನು ಬೇಕೆಂದೇ ಬಿಡಲಾಗಿತ್ತು ಎಂದು ಹೇಳುವವರು ಹೆಚ್ಚಾಗಿ ಅಲ್ಲೇ ಹುಟ್ಟಿ ಬೆಳೆದ ಜೇನುಕುರುಬ, ಬೆಟ್ಟಕುರುಬ, ಸೋಲಿಗ ವಾಚರ್‌ಗಳು. ದಿನಗೂಲಿಯ ಮೇಲೆ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಮಲಗುವ ಇವರ ನೌಕರಿ ಭದ್ರವಾಗದೆ ಕಾಡಿನ ನೆನಪೂ ಭದ್ರವಾಗುವುದಿಲ್ಲ. ಪ್ರತಿ ಹುಲಿ ಮೀಸಲಿಗೂ ಸಂರಕ್ಷಣಾ ಯೋಜನೆ ಇರಲೇಬೇಕೆಂದು 2006ರ ತಿದ್ದುಪಡಿಯ ನಂತರ ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಹತ್ತು ವರ್ಷದ ಈ ಯೋಜನೆಯನ್ನು ಓದುವ ನಾಗರಿಕರು ತೀರ ವಿರಳ.

ನಿಮ್ಮ ಜಿಲ್ಲೆಯಲ್ಲಿ ಒಂದು ಅಭಯಾರಣ್ಯವೋ ರಾಷ್ಟ್ರೀಯ ಉದ್ಯಾನವೋ ಇದ್ದರೆ ಅದರ ಯೋಜನೆಯನ್ನು ಕೇಳಿ, ಓದಿ. ಮುಂದಿನ ಸಲ ಅರಣ್ಯಾಧಿಕಾರಿ ಸಿಕ್ಕಾಗ ಹುಲಿ ಎಷ್ಟಿವೆ ಎಂಬುದರ ಜೊತೆಗೆ ಇನ್ನೂ ಒಂದು ಪ್ರಶ್ನೆ ಕೇಳಿ: ಮೂರು ವರ್ಷದ ಹಿಂದೆ ಲಂಟಾನ ತೆಗೆದ ಜಾಗದಲ್ಲಿ ಈಗ ಏನು ಬೆಳೆದಿದೆ, ಅದನ್ನು ಅಳೆದವರು ಯಾರು?